ಲೆಕ್ಕ ಬರುತ್ತದೆ, ಭಾಷೆ ಅಡ್ಡ ಬರುತ್ತದೆ
(ಬಾಳ್ಳುಪೇಟೆಯಲ್ಲಿ ಮಾಡಿದ ಭಾಷಣ)



ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಮೆರಿಕದಲ್ಲಿ ಓದಿ ಬಂದು 1953ರಿಂದ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಪಾಠ ಹೇಳಿದರು. ಅವರ ಬೆನ್ನಿಗೆ ಶಾಲೆಯನ್ನೇ ಕಟ್ಟಿದ ಅಜ್ಜಿ ಕಮಲಮ್ಮ ದಾಸಪ್ಪ ಇದ್ದರು.

ಈ ಬಾಳ್ಳುಪೇಟೆಯ ಹುಡುಗಿಯ ಬೆನ್ನಿಗೆ ಯಾರಿದ್ದಾರೆ? ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಲೆಕ್ಕ ಬಿಡಿಸಿದ ಎಷ್ಟೋ ಹೆಣ್ಣುಮಕ್ಕಳು ಪಿಯುಸಿ ವಿಜ್ಞಾನದ ಇಂಗ್ಲಿಷ್ ಪುಸ್ತಕ ಕಂಡು ಹಿಂದೆ ಸರಿಯುತ್ತಾರೆ. ಅವರು ದಡ್ಡರಲ್ಲ! 2017ರಿಂದ ನೀಟ್ ಪರೀಕ್ಷೆಗೆ ಕನ್ನಡ ಬಂದಿದೆ. ಪರೀಕ್ಷೆಗೆ ಬಂದ ಕನ್ನಡ ಪಾಠಕ್ಕೆ ಬೇಡವೇ?

ನಗರದ ಗೆಳೆಯರೇ, ರಜೆಗೆ ಊರಿಗೆ ಬಂದಾಗ ಒಬ್ಬ ತಂಗಿಗಾದರೂ ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಿಕೊಡಿ. ಅದೂ ಕನ್ನಡ ಚಳವಳಿಯೇ!