ಅನುಭವಿಸಿದವರಿಗೂ ಕುರ್ಚಿ ಬೇಕು



ಮಾನಸಿಕ ಆರೋಗ್ಯದ ಕಾರ್ಯಕ್ರಮವೆಂದರೆ ನಮ್ಮಲ್ಲೊಂದು ಪದ್ಧತಿ ಇದೆ. ವೈದ್ಯರನ್ನು ಕರೆಯುತ್ತೇವೆ, ಹೂಗುಚ್ಛ ಕೊಡುತ್ತೇವೆ, ಪ್ರಶ್ನೆ ಕೇಳುತ್ತೇವೆ. ಅದೂ "ನಮ್ಮ ಪರಿಚಯದವರೊಬ್ಬರಿಗೆ ಹೀಗಾಗಿದೆ" ಎಂದೇ! ಆ ಪರಿಚಯದವರು ಎಷ್ಟೋ ಸಲ ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ವೈದ್ಯರು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮಾತ್ರೆಯ ಮಂಪರಿನಲ್ಲಿ ಬೆಳಗ್ಗೆ ಏಳಲಾಗದೆ ಡಬ್ಬಿ ಕಟ್ಟುವುದು ತಡವಾದರೆ ಮನೆಯಲ್ಲಿ ಯಾವ ಮಾತು ಕೇಳಬೇಕಾಗುತ್ತದೆ ಎಂಬುದು ಅನುಭವಿಸಿದವಳಿಗೇ ಗೊತ್ತು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 'ಕ್ವಾಲಿಟಿ ರೈಟ್ಸ್' ಕ್ರಮವನ್ನು 2014ರಲ್ಲಿ ನಮ್ಮ ಗುಜರಾತಿನಲ್ಲೇ ಕೈಗೆತ್ತಿಕೊಂಡರು. ರಾಜ್ಯ ಸರ್ಕಾರದೊಂದಿಗೆ ಪುಣೆಯ ಇಂಡಿಯನ್ ಲಾ ಸೊಸೈಟಿಯ ಮಾನಸಿಕ ಆರೋಗ್ಯ ಕಾನೂನು ಕೇಂದ್ರ ಕೈಜೋಡಿಸಿತು. ಆರು ಸರ್ಕಾರಿ ಸೇವಾಕೇಂದ್ರಗಳಲ್ಲಿ ಸಿಬ್ಬಂದಿಗೆ ರೋಗಿಗಳ ಹಕ್ಕುಗಳ ಪಾಠವಾಯಿತು. ಕಾಯಿಲೆಯನ್ನು ಕಂಡುಂಡವರೇ ತರಬೇತಿ ಪಡೆದು, ಸ್ವಯಂಸೇವಕರಾಗಿ ಇತರರಿಗೆ ಆಸರೆಯಾದರು. ಸೇವೆಯ ಗುಣಮಟ್ಟವೂ ಸಿಬ್ಬಂದಿಯ ಧೋರಣೆಯೂ ಸುಧಾರಿಸಿದವೆಂದು 2019ರಲ್ಲಿ ಅಧ್ಯಯನ ಪ್ರಕಟವಾಯಿತು.

ಆಸರೆಯಾಗುವುದು ಒಂದು, ತೀರ್ಮಾನ ಮಾಡುವುದು ಇನ್ನೊಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರಾಜ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪರವಾಗಿ ಇಬ್ಬರಿಗೆ, ಆರೈಕೆದಾರರ ಪರವಾಗಿ ಬೇರೆ ಇಬ್ಬರಿಗೆ ಸ್ಥಾನ ಕೊಟ್ಟಿದೆ. ಜಿಲ್ಲೆಯ ಪುನರ್ವಿಮರ್ಶಾ ಮಂಡಳಿಗೆ ಬಂದರೆ ಮಾತು ಸಡಿಲ. ಆರು ಸದಸ್ಯರಲ್ಲಿ ಇಬ್ಬರು ಕಾಯಿಲೆಯುಳ್ಳವರು, ಅಥವಾ ಆರೈಕೆದಾರರು, ಅಥವಾ ಅವರ ಸಂಘಸಂಸ್ಥೆಗಳ ಪ್ರತಿನಿಧಿಗಳು. ಈ 'ಅಥವಾ' ನನಗೆ ಹಿಡಿಸುವುದಿಲ್ಲ. ತಾಯಿಗೆ ಮಗಳು ಮನೆಯಲ್ಲಿ ಕ್ಷೇಮವಾಗಿದ್ದರೆ ಸಾಕು. ಮಗಳಿಗೆ ಮತ್ತೆ ಕೆಲಸಕ್ಕೆ ಹೋಗಬೇಕು. ಇಬ್ಬರದೂ ಪ್ರೀತಿಯ ಮನೆಯೇ, ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಮಾತು ಬರುವುದಿಲ್ಲ.

ಈಗ ನಮ್ಮ ವಿಷಯ. ಮದುವೆಯಾಗಿ ಸೂರತ್ತಿಗೋ ವಡೋದರಾಕ್ಕೋ ಬಂದ ಹುಡುಗಿ ಗುಜರಾತಿಯಲ್ಲಿ ತರಕಾರಿ ಚೌಕಾಸಿ ಮಾಡಿಯಾಳು, ಎದೆಯ ಸಂಕಟ ಹೇಳಿಕೊಳ್ಳಲಾರಳು. ಅವಳ ಮಾತನ್ನು ಕನ್ನಡದಲ್ಲಿ ಕೇಳುವವರು ನಮ್ಮಲ್ಲೇ ಇದ್ದಾರೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆಯವರು ಸೇರಿ ಒಂದು ಆರೋಗ್ಯ ಸಮಿತಿ ಮಾಡೋಣ. ಅದರಲ್ಲಿ ಕನಿಷ್ಠ ಇಬ್ಬರು ಅನುಭವಿಸಿದವರಿರಲಿ. ಯಾರನ್ನು ಕರೆಯಬೇಕು, ಹಣ ಎಲ್ಲಿ ಖರ್ಚಾಗಬೇಕು ಎಂಬುದರಲ್ಲಿ ಅವರದೂ ಮತ ಇರಲಿ. ಕಣ್ಣೀರಿನ ಕಥೆ ಹೇಳಿಸಿ ಚಪ್ಪಾಳೆ ತಟ್ಟುವುದು ಬೇಡ. ಪ್ರಯಾಣದ ಖರ್ಚು ಕೊಡೋಣ. ನಡುವೆ ಆರೋಗ್ಯ ಕೆಟ್ಟರೆ ಬಾಣಂತನಕ್ಕೆ ಹೋದವಳ ಜಾಗ ಕಾಯುವಂತೆ ಅವರ ಜಾಗವನ್ನೂ ಕಾಯೋಣ.

ಹೆಸರು ಬರೆಯುವ ಪುಸ್ತಕ ಬಾಗಿಲ ಬಳಿ ಇದೆ. ಯಾರ ಅನುಭವ, ಯಾವ ಕಾಯಿಲೆ ಎಂದು ಅದರಲ್ಲಿ ಬರೆಯಬೇಕಿಲ್ಲ.