ಹೊಸ್ತಿಲಿನ ಒಳಗೂ ಹೊರಗೂ: ಜೂನ್ ಜೋರ್ಡನ್



'ಕವಿ ಮತ್ತು ಶಾಂತಿ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕಿಯರು ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವಳು ನಾನು. ಶಾಂತಿಯ ಮೇಲೆ ಭಾಷಣ ಮಾಡುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಬುದ್ಧ, ಗಾಂಧಿ, ಒಂದು ಪಾರಿವಾಳ, ಕೊನೆಗೆ ಚಪ್ಪಾಳೆ. ಅದು ಬೇಡವೆಂದು ಒಬ್ಬಳೇ ಒಬ್ಬ ಕವಿಯನ್ನು ಹಿಡಿದುಕೊಂಡು ಬಂದಿದ್ದೇನೆ. ಅವಳು ಜೂನ್ ಜೋರ್ಡನ್, ಅಮೆರಿಕದ ಕಪ್ಪು ಹೆಣ್ಣುಮಗಳು. ನಮ್ಮ ಪಠ್ಯಪಟ್ಟಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ನಾನು ಅವಳನ್ನು ಓದಿದ್ದು ನಿವೃತ್ತಳಾದ ಮೇಲೆ.

ಜೋರ್ಡನ್ ಹುಟ್ಟಿದ್ದು 1936ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆತಾಯಿ ಜಮೈಕಾದಿಂದ ವಲಸೆ ಬಂದವರು. ತಂದೆಗೆ ಅಂಚೆ ಇಲಾಖೆಯಲ್ಲಿ ರಾತ್ರಿ ಪಾಳಿಯ ಕೆಲಸ, ತಾಯಿ ನರ್ಸ್. ತಂದೆಗೆ ಗಂಡುಮಗು ಬೇಕಾಗಿತ್ತು. ಹುಟ್ಟಿದ್ದು ಹೆಣ್ಣಾದರೂ ಅವನು ಬಿಡಲಿಲ್ಲ, ಮಗಳನ್ನು ಸಿಪಾಯಿಯ ಹಾಗೆ ಬೆಳೆಸಿದ. ಬಿಳಿಯರ ಲೋಕದಲ್ಲಿ ಬದುಕುವುದೆಂದರೆ ಯುದ್ಧ, ಅದಕ್ಕೆ ಸಿದ್ಧಳಾಗಬೇಕು ಎಂಬುದು ಅವನ ವಾದ. ಶೇಕ್ಸ್‌ಪಿಯರನನ್ನು, ಬೈಬಲನ್ನು ಬಾಯಿಪಾಠ ಮಾಡಿಸಿದವನೂ ಅವನೇ, ಹೊಡೆದವನೂ ಅವನೇ. 2000ದಲ್ಲಿ ತನ್ನ ಬಾಲ್ಯದ ಬಗ್ಗೆ ಬರೆದ ಪುಸ್ತಕಕ್ಕೆ ಅವಳು 'ಸೋಲ್ಜರ್' ಎಂದೇ ಹೆಸರಿಟ್ಟಳು. ಆ ತಂದೆಯನ್ನು ಅವಳು ರಾಕ್ಷಸನನ್ನಾಗಿ ಮಾಡುವುದಿಲ್ಲ. ಹೊರಗಿನ ಅನ್ಯಾಯದ ವಿರುದ್ಧ ಸೆಟೆದು ನಿಂತ ಗಂಡಸು ಮನೆಯೊಳಗೆ ಕೈ ಎತ್ತುತ್ತಾನೆ. ಈ ಗಂಡಸು ನಮಗೂ ಅಪರಿಚಿತನೇನಲ್ಲ, ಅಲ್ಲವೇ? ನಮ್ಮ ಮೆರವಣಿಗೆಗಳಲ್ಲಿ ಬ್ಯಾನರ್ ಹಿಡಿದವರಲ್ಲೂ ಅವನಿದ್ದ.

ತಾಯಿ ಎಲ್ಲವನ್ನೂ ನುಂಗಿಕೊಂಡೇ ಇದ್ದವಳು. 1966ರಲ್ಲಿ ಅವಳು ಆತ್ಮಹತ್ಯೆ ಮಾಡಿಕೊಂಡಳು. ಹದಿನೈದು ವರ್ಷಗಳ ನಂತರ, 1981ರಲ್ಲಿ, ಒಂದು ಮಹಿಳಾ ಸಮ್ಮೇಳನದಲ್ಲಿ ಜೋರ್ಡನ್ ಈ ಸಾವಿನ ಬಗ್ಗೆ ಮಾತಾಡಿದಳು. ತಂದೆ ಮಗಳ ಬಳಿ ಬಂದು, ನಿನ್ನ ತಾಯಿ ಬದುಕಿದ್ದಾಳೋ ಸತ್ತಿದ್ದಾಳೋ ನೋಡು ಎಂದನಂತೆ. ಹೆಂಡತಿ ಬದುಕಿರುವಳೋ ಇಲ್ಲವೋ ಎಂಬುದು ಗಂಡನಿಗೆ ತಿಳಿಯಲಿಲ್ಲ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟುಬಿಟ್ಟೆ.

ಇಂಥ ಮನೆಯಿಂದ ಬಂದವಳು ಲೋಕದ ರಾಜಕೀಯವನ್ನು ನೋಡಿದ ರೀತಿಯೇ ಬೇರೆ. 1980ರಲ್ಲಿ ಬಂದ, ತನ್ನ ಹಕ್ಕುಗಳ ಬಗೆಗಿನ ಅವಳ ಪದ್ಯವೊಂದಿದೆ. ರಾತ್ರಿ ಒಬ್ಬಳೇ ಹೊರಗೆ ನಡೆದಾಡಲು ಆಗದ ಹೆಂಗಸಿನ ಚಡಪಡಿಕೆಯಿಂದ ಅದು ಶುರುವಾಗುತ್ತದೆ. ಅಲ್ಲಿಂದ ಅತ್ಯಾಚಾರದ ಕಾನೂನಿಗೆ ಹೋಗುತ್ತದೆ. ನೋಡನೋಡುತ್ತಿದ್ದಂತೆ ದಕ್ಷಿಣ ಆಫ್ರಿಕಾದ ಸೈನ್ಯ ನಮೀಬಿಯಾಕ್ಕೆ, ನಮೀಬಿಯಾದಿಂದ ಅಂಗೋಲಾಕ್ಕೆ ನುಗ್ಗುವುದು ಬರುತ್ತದೆ, ಕೊನೆಗೆ ಅವಳ ಅಪ್ಪ ಅಮ್ಮನೂ ಬರುತ್ತಾರೆ. ಹೋಲಿಕೆಗಾಗಿ ಮಾಡಿದ ಹೋಲಿಕೆ ಇದಲ್ಲ. ನುಗ್ಗಿದವನನ್ನು ಯಾರೂ ಕೇಳುವುದಿಲ್ಲ, ನುಗ್ಗಿಸಿಕೊಂಡವರಿಗೆ ಮಾತ್ರ ಪ್ರಶ್ನೆಗಳು. ಆ ಹೊತ್ತಿನಲ್ಲಿ ಅಲ್ಲೇಕಿದ್ದೆ? ಒಪ್ಪಿಗೆ ಇರಲಿಲ್ಲವೆಂಬುದಕ್ಕೆ ಸಾಕ್ಷಿ ಎಲ್ಲಿ? ಸ್ಟೋವ್ ಸಿಡಿದು ಸತ್ತ ಸೊಸೆಯ ತೌರಿನವರನ್ನು ಠಾಣೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ.

ಅವಳ ಎಲ್ಲ ಪದ್ಯಗಳೂ ಇಷ್ಟು ಗಟ್ಟಿಯಲ್ಲ, ಕೆಲವು ಘೋಷಣೆಗಳಾಗಿಯೇ ಉಳಿಯುತ್ತವೆ ಎಂದು ನನ್ನ ಅಭಿಪ್ರಾಯ. ಆದರೆ ಒಂದು ಗುಣ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. 1982ರಲ್ಲಿ ಇಸ್ರೇಲಿನ ಸೈನ್ಯ ಲೆಬನಾನಿಗೆ ನುಗ್ಗಿತು. ಆ ಸೆಪ್ಟೆಂಬರಿನಲ್ಲಿ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರ ಕಗ್ಗೊಲೆ ನಡೆಯಿತು. ಆಗ ಜೋರ್ಡನ್ ಲೆಬನಾನಿನ ಜನರ ಕ್ಷಮೆ ಕೇಳಿ ಪದ್ಯ ಬರೆದಳು. ತಾನು ಕಟ್ಟಿದ ತೆರಿಗೆಯ ಹಣವೂ ಆ ಬಾಂಬುಗಳಲ್ಲಿದೆ ಎಂಬುದು ಅವಳ ತಪ್ಪೊಪ್ಪಿಗೆ. ಖಂಡಿಸುವ ಕವಿಗಳನ್ನು ನಾನು ಬೇಕಾದಷ್ಟು ಪಾಠ ಮಾಡಿದ್ದೇನೆ, ಕ್ಷಮೆ ಕೇಳುವವರು ಕಡಿಮೆ.

ಅದೇ 1982ರ ಅವಳ ಒಂದು ಪ್ರಬಂಧ 'ಬಹಾಮಾಸ್‌ನಿಂದ ವರದಿ'. ರಜೆಗೆಂದು ಬಹಾಮಾಸ್ ದ್ವೀಪಕ್ಕೆ ಹೋಗಿ ಹೋಟೆಲಿನಲ್ಲಿ ಇಳಿದುಕೊಂಡಿದ್ದಾಳೆ. ಕೋಣೆ ಗುಡಿಸುವವಳೂ ಕಪ್ಪು ಹೆಂಗಸು, ಇವಳೂ ಕಪ್ಪು ಹೆಂಗಸು. ಆದರೆ ಒಬ್ಬಳು ಗುಡಿಸುತ್ತಾಳೆ, ಇನ್ನೊಬ್ಬಳು ದುಡ್ಡು ಕೊಟ್ಟು ಮಲಗುತ್ತಾಳೆ. ಬಜಾರಿನಲ್ಲಿ ಬುಟ್ಟಿ ಮಾರುವ ಬಡ ಹೆಂಗಸರ ಹತ್ತಿರ ಚೌಕಾಸಿ ಮಾಡುವವಳೂ ಇವಳೇ. ಬಣ್ಣ ಒಂದೇ, ಲಿಂಗ ಒಂದೇ ಎಂದ ಮಾತ್ರಕ್ಕೆ ಸಂಬಂಧ ತಾನಾಗಿ ಹುಟ್ಟುವುದಿಲ್ಲವೆಂದು ಅವಳಿಗೆ ಅನ್ನಿಸುತ್ತದೆ. ನಾವೆಲ್ಲ 'ಅಕ್ಕತಂಗಿಯರು' ಎಂದು ಹಾಡುವವರು ಈ ಪುಟಗಳನ್ನು ಓದಬೇಕು.

ಪ್ರಬಂಧದ ಕೊನೆ ಅವಳು ಪಾಠ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ಒಬ್ಬ ವಿದ್ಯಾರ್ಥಿನಿ ವರ್ಣಭೇದದ ವಿರುದ್ಧ ಹೋರಾಡುವವಳು. ಮನೆಯಲ್ಲಿ ಕುಡುಕ ಗಂಡ ಅವಳನ್ನು ಜೀವ ಹೋಗುವ ಹಾಗೆ ಹೊಡೆಯುತ್ತಿದ್ದಾನೆ. ಜೋರ್ಡನ್ ಸಹಾಯಕ್ಕೆ ಹುಡುಕಾಡುತ್ತಾಳೆ. ಮುಂದೆ ಬಂದವಳು ಐರಿಷ್ ಮೂಲದ ಬಿಳಿ ಹುಡುಗಿ, ಅವಳದೂ ಕುಡುಕ ತಂದೆಯ ಮನೆ. ಕಪ್ಪು ಹೆಣ್ಣಿಗೆ ಬಿಳಿಯಳು ಏನು ಸಹಾಯ ಮಾಡಿಯಾಳು ಎಂದು ಮೊದಲು ಅನುಮಾನಪಟ್ಟದ್ದನ್ನೂ ಜೋರ್ಡನ್ ಮುಚ್ಚಿಡುವುದಿಲ್ಲ. ಇಬ್ಬರೂ ಕಾರಿನಲ್ಲಿ ಆ ಹುಡುಗಿಯ ಮನೆಗೆ ಹೋಗುತ್ತಾರೆ. ಕೊನೆಗೆ ಆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಮುಂದೆ ನಡೆಯುತ್ತಿದ್ದರೆ, ಮೇಡಂ ಹಿಂದಿನಿಂದ ನೋಡುತ್ತಾಳೆ.

ಇದನ್ನು ಓದಿದಾಗ ನನಗೆ 1990ರ ಫೆಬ್ರವರಿ ನೆನಪಾಯಿತು. ಮಂಡೇಲಾ ಬಿಡುಗಡೆಯಾದ ತಿಂಗಳು. ನಮ್ಮ ಕಾಲೇಜಿನಲ್ಲಿ ಸಭೆ ಮಾಡಿದ್ದೆವು, ವರ್ಣಭೇದದ ಮೇಲೆ ನಾನೇ ಮಾತಾಡಿದ್ದೆ. ಚೆನ್ನಾಗಿಯೇ ಮಾತಾಡಿದ್ದೆ. ಸಭೆ ಮುಗಿದ ಮೇಲೆ ಅಂತಿಮ ಬಿ.ಎ.ಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ವರ್ಷ ಮದುವೆಯಾದವಳು. ಬಲಗೈಯಲ್ಲಿ ಸುಟ್ಟ ಗಾಯ. ಸ್ಕೂಟರಿನ ದುಡ್ಡು ಇನ್ನೂ ಬಂದಿಲ್ಲವೆಂದು ಅತ್ತೆಮನೆಯಲ್ಲಿ ಜಗಳ, ಅಪ್ಪನ ಮನೆಗೆ ಹೋಗುವ ಹಾಗಿಲ್ಲ, ಮೇಡಂ, ಪರೀಕ್ಷೆ ಮುಗಿಯುವ ತನಕ ಎಲ್ಲಾದರೂ ಇರಲು ಆಗುತ್ತದೆಯೇ ಎಂದು ಕೇಳಿದಳು. ಆಗ ಗಂಡನ ಕ್ರೌರ್ಯದ ವಿರುದ್ಧ 498ಎ ಬಂದು ಆರು ವರ್ಷವಾಗಿತ್ತು. ಮನೆಯಲ್ಲಿ ವಾಸದ ಹಕ್ಕು ಕೊಡುವ 2005ರ ಕಾಯಿದೆ ಇನ್ನೂ ದೂರ. ಆದರೆ ಆ ಹುಡುಗಿ ಕೇಳಿದ್ದು ಕಾಯಿದೆಯನ್ನಲ್ಲ, ಮಲಗಲು ಒಂದು ಜಾಗ. ನಮ್ಮ ಮನೆಯಲ್ಲಿ ಕೋಣೆ ಇತ್ತು. ನಾನು, ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಪರೀಕ್ಷೆ ಹತ್ತಿರ ಬಂತಲ್ಲ ಎಂದೆ. ನಮ್ಮವರು ಏನೆನ್ನುತ್ತಾರೋ ಎಂಬ ಭಯ ನನಗೆ. ಅವಳು ತಲೆಯಾಡಿಸಿ ಹೋದಳು. ಅವಳ ಹಾಲ್ ಟಿಕೆಟ್ ಆಫೀಸಿನಲ್ಲೇ ಉಳಿಯಿತು. ವಿಚಾರಿಸಲು ನಾನು ಹೋಗಲಿಲ್ಲ.

ಜೋರ್ಡನ್ 2002ರ ಜೂನ್‌ನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಬಗ್ಗೆ ಹೇಳುವುದು ಇನ್ನೂ ಇದೆ, ಆದರೆ ಸಮಯವಾಯಿತು. ಬಾಗಿಲ ಬಳಿ ಸಂಘಟಕಿಯರು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ರಾತ್ರಿ ಹೊತ್ತು ಯಾರಾದರೂ ಬಂದರೆ ಒಂದೆರಡು ದಿನ ಇಟ್ಟುಕೊಳ್ಳಬಲ್ಲವರು ಹೆಸರು, ವಿಳಾಸ, ಫೋನ್ ಬರೆಯಬೇಕು. ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಇದೆ, ನಾನು ಬರುವಾಗಲೇ ಬರೆದು ಬಂದೆ. ಪೆನ್ನು ಅಲ್ಲೇ ಇದೆ.