ವೈದ್ಯಕೀಯ ಸೀಟು ಮತ್ತು ಕಾಯಕದ ಲೆಕ್ಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



‘ಕಾಯಕ ಮತ್ತು ಇಂದಿನ ಶಿಕ್ಷಣ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು. ಅದರಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಮಗುವಿಗೆ ಎರಡು ಮೂರು ಕಡೆ ಮೆಡಿಕಲ್ ಸೀಟು ಸಿಗುವಂತಿದ್ದರೆ ಯಾವುದನ್ನು ಆರಿಸಬೇಕು? ಫಲಿತಾಂಶ ಬಂದ ದಿನದಿಂದ ಕೌನ್ಸೆಲಿಂಗ್ ಮುಗಿಯುವವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು. ಹೊಲ ಮಾರುವ ನಿರ್ಧಾರವೂ ಆ ಕೆಲವೇ ವಾರಗಳಲ್ಲಿ ಆಗಿಹೋಗುತ್ತದೆ. ನಾನು ವೈದ್ಯನಲ್ಲ, ಸರ್ಕಾರಿ ಇಂಜಿನಿಯರಾಗಿ ದುಡಿದು ನಿವೃತ್ತನಾದವನು. ಎಸ್ಟಿಮೇಟ್ ಹಾಕದೆ ಗುದ್ದಲಿ ಎತ್ತಬಾರದು ಎಂಬುದು ನಮ್ಮ ಇಲಾಖೆಯ ಮೊದಲ ಪಾಠ. ಆ ಪಾಠವನ್ನೇ ಇಲ್ಲಿ ಬಳಸುತ್ತೇನೆ.

ಮೊದಲು ಸೀಟುಗಳ ಬಗೆ ತಿಳಿಯೋಣ. ಸರ್ಕಾರಿ ಕಾಲೇಜಿನ ಸೀಟಿನ ವಾರ್ಷಿಕ ಬೋಧನಾ ಶುಲ್ಕ 1 ಲಕ್ಷದ ಒಳಗಿದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ‘ಜಿ’ ಸೀಟಿಗೆ ಅದಕ್ಕಿಂತ ಹೆಚ್ಚು, ಆದರೂ ಕೈಗೆ ಎಟಕುವಂಥದ್ದು. ಅದೇ ಕಾಲೇಜಿನ ‘ಪಿ’ ಸೀಟಿಗೆ ವರ್ಷಕ್ಕೆ 10 ಲಕ್ಷ ದಾಟುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಹಲವು ಕಡೆ 20 ಲಕ್ಷದ ಹತ್ತಿರ ಅಥವಾ ಅದಕ್ಕೂ ಮೇಲೆ. ಎನ್‌ಆರ್‌ಐ ಸೀಟಿನ ಮಾತೇ ಬೇರೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುವ ಇಬ್ಬರು ಮಕ್ಕಳ ತಂದೆಯರಲ್ಲಿ ಒಬ್ಬರು ಕೊಡುವುದು ಇನ್ನೊಬ್ಬರಿಗಿಂತ ಹಲವು ಪಟ್ಟು ಹೆಚ್ಚು. ಇದು ಇಂದಿನ ವ್ಯವಸ್ಥೆ.

ಈಗ ಸಾಲದ ಲೆಕ್ಕ. ವರ್ಷಕ್ಕೆ 10 ಲಕ್ಷದಂತೆ ಐದು ಕಂತು, ಒಟ್ಟು 50 ಲಕ್ಷ, ಶೇಕಡಾ 10ರ ಬಡ್ಡಿ ಎಂದು ಹಿಡಿಯಿರಿ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದ ಮೇಲೆ ಶುರುವಾಗುತ್ತದೆ. ಅಂದರೆ ಆರೂವರೆ ವರ್ಷ ಕಂತಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಬರೀ ಸರಳ ಬಡ್ಡಿ ಹಾಕಿದರೂ ಅದು 22.5 ಲಕ್ಷ. 50 ಲಕ್ಷ 72.5 ಲಕ್ಷ ಆಯಿತು. ಅದನ್ನು 15 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 78 ಸಾವಿರ ಕಟ್ಟಬೇಕು. ಒಟ್ಟು ಕಟ್ಟುವುದು ಸುಮಾರು 1 ಕೋಟಿ 40 ಲಕ್ಷ. ಮೊದಲ ಕಂತು ಬರುವ ಹೊತ್ತಿಗೆ ಹುಡುಗ ಅಥವಾ ಹುಡುಗಿ ಎಂಡಿ, ಎಂಎಸ್ ಓದುತ್ತಿರುತ್ತಾರೆ. ಸ್ಟೈಪೆಂಡಿನಲ್ಲಿ ಈ ಕಂತು ಕಟ್ಟಲು ಆಗದು. ಕಟ್ಟುವವರು ಊರಲ್ಲಿರುವ ತಂದೆ ತಾಯಿ. ಮೇಲಾಗಿ, ದೊಡ್ಡ ಮೊತ್ತದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯನ್ನು ಅಡವಾಗಿ ಕೇಳುತ್ತದೆ. ಅಂದರೆ ಮನೆಯ ಪತ್ರ, ಹೊಲದ ಉತಾರೆ.

‘ದುಡ್ಡು ಹೋಗಲಿ, ಕಾಲೇಜಿಗೆ ಹೆಸರಿದೆ’ ಎನ್ನುವವರಿದ್ದಾರೆ. ಹೆಸರಿನ ಬೆಲೆ ಎಷ್ಟು ಎಂದು ನೋಡೋಣ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಮಕ್ಕಳೆಲ್ಲ ಬರೆಯುವುದು ಒಂದೇ ಪ್ರಶ್ನೆಪತ್ರಿಕೆ, ಪಡೆಯುವುದು ಒಂದೇ ವಿಶ್ವವಿದ್ಯಾಲಯದ ಪದವಿ. ಪಠ್ಯಕ್ರಮ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು, ಇಡೀ ದೇಶಕ್ಕೆ ಒಂದೇ. ಮುಂದೆ ಎಂಡಿ, ಎಂಎಸ್ ಸೀಟು ಸಿಗುವುದು ನೀಟ್ ಪಿಜಿ ರ್‍ಯಾಂಕಿನ ಮೇಲೆ. ಎಂಬಿಬಿಎಸ್ ಎಲ್ಲಿ ಓದಿದೆ ಎಂದು ಆ ರ್‍ಯಾಂಕ್ ಪಟ್ಟಿ ಕೇಳುವುದಿಲ್ಲ. ಹಳೆಯ ಕಾಲೇಜಿನಲ್ಲಿ ಒಳ್ಳೆಯ ಗುರುಗಳು, ಓದುವ ವಾತಾವರಣ, ಹಿರಿಯ ವಿದ್ಯಾರ್ಥಿಗಳ ನೆರವು ಇರುತ್ತದೆ, ನಿಜ. ಮೈಸೂರಿನ ಕಾಲೇಜು 1924ರದು, ಬೆಂಗಳೂರಿನದು 1955ರದು, ಹುಬ್ಬಳ್ಳಿಯದು 1957ರದು. ಅವುಗಳ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಈ ಮೂರೂ ಸರ್ಕಾರಿ ಕಾಲೇಜುಗಳು ಎಂಬುದನ್ನು ಮರೆಯಬಾರದು.

ಹಾಗಾದರೆ ನೋಡಬೇಕಾದದ್ದು ಏನು? ಇದನ್ನು ನನಗೆ ತೋರಿಸಿಕೊಟ್ಟವಳು ನನ್ನ ತಮ್ಮನ ಮಗಳು. ಅವಳ ರ್‍ಯಾಂಕಿಗೆ ಹತ್ತಿರದ ಜಿಲ್ಲೆಯ ಒಂದು ಹೊಸ ಸರ್ಕಾರಿ ಕಾಲೇಜು ಬರುತ್ತಿತ್ತು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಿ ಸೀಟೂ ಸಿಗುವಂತಿತ್ತು. ತಮ್ಮ ಬಂದು, “ಅಣ್ಣಾ, ನಾಕ್ ಎಕರೆ ಕೊಟ್ರ ಬೆಂಗಳೂರಿನ್ಯಾಗ ಓದಸಬಹುದು. ನಾಳೆ ಬೀಗರ ಮುಂದ ಕಾಲೇಜಿನ ಹೆಸರು ಹೇಳಾಕರ ಬರ್ತೈತಿ” ಎಂದ. ಹುಡುಗಿ ಮಾತ್ರ ಬೇರೆಯದನ್ನೇ ಕೇಳಿದಳು: “ದೊಡ್ಡಪ್ಪ, ಯಾವ ದವಾಖಾನ್ಯಾಗ ಪೇಶೆಂಟು ಜಾಸ್ತಿ ಬರ್ತಾರ? ಹೆರಿಗಿ ಎಲ್ಲಿ ಜಾಸ್ತಿ ಆಗ್ತಾವು?”

ಒಂದು ಸೋಮವಾರ ಮೂವರೂ ಆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಒಪಿಡಿ ಚೀಟಿಯ ಸಾಲು ಗೇಟಿನವರೆಗೆ ಬಂದಿತ್ತು. ಹೆರಿಗೆ ವಾರ್ಡಿನಲ್ಲಿ ಮಂಚ ಖಾಲಿ ಇರಲಿಲ್ಲ. ಇಂಟರ್ನ್ ಹುಡುಗರು ಓಡಾಡುತ್ತಿದ್ದರು. ಅವರಲ್ಲಿ ಒಬ್ಬನನ್ನು ನಿಲ್ಲಿಸಿ ಕೇಳಿದೆವು. “ಹಾಸ್ಟೆಲ್ ಊಟ ಅಷ್ಟಕ್ಕಷ್ಟ ಅದ, ಲೈಬ್ರರಿ ಸಣ್ಣದು, ಕೆಲವು ವಿಭಾಗದಾಗ ಪ್ರೊಫೆಸರ್ ಕಮ್ಮಿ. ಆದ್ರ ಕೈಯಿಂದ ಮಾಡೋ ಕೆಲಸಕ್ಕ ಇಲ್ಲಿ ಬರ ಇಲ್ರೀ” ಎಂದ. ಮರುವಾರ ಬೆಂಗಳೂರಿನ ಕಾಲೇಜನ್ನೂ ನೋಡಿದೆವು. ಕಟ್ಟಡ ಚೆಂದ, ಪ್ರಯೋಗಾಲಯ ಚೆಂದ, ಊಟದ ಮನೆ ಚೆಂದ. ವಾರ್ಡಿನಲ್ಲಿ ಹಾಸಿಗೆಗಳು ಮಡಿಯಾಗಿದ್ದವು, ಬಹಳಷ್ಟರ ಮೇಲೆ ರೋಗಿಗಳಿರಲಿಲ್ಲ. ಹುಡುಗಿ ಅಲ್ಲಿಯೇ ತೀರ್ಮಾನ ಮಾಡಿದಳು. ಇಂದು ಅವಳು ಆ ಸರ್ಕಾರಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಊಟದ ಬಗ್ಗೆ ಈಗಲೂ ದೂರು ಹೇಳುತ್ತಾಳೆ. ತಮ್ಮನ ನಾಲ್ಕು ಎಕರೆ ಅವನ ಹೆಸರಿನಲ್ಲೇ ಇದೆ.

ಎಲ್ಲ ಖಾಸಗಿ ಆಸ್ಪತ್ರೆಗಳೂ ಖಾಲಿ ಎಂದು ನಾನು ಹೇಳುತ್ತಿಲ್ಲ. ರೋಗಿಗಳಿಂದ ತುಂಬಿರುವ ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಹೋಗಿ ನೋಡಿ ಎನ್ನುವುದಷ್ಟೇ ನನ್ನ ಮಾತು. ವಾರದ ದಿನ, ಬೆಳಿಗ್ಗೆ ಹತ್ತಕ್ಕೆ, ಹೇಳದೆ ಹೋಗಿ ನೋಡಿ. ಕಿರುಪುಸ್ತಕ ನೋಡಿ ಸೇತುವೆ ಪಾಸು ಮಾಡುವ ಇಂಜಿನಿಯರ್ ಇಲ್ಲ.

ಇನ್ನು ಜೀವನದ ಅನುಕೂಲ. ‘ಮಗು ದೊಡ್ಡ ಊರಿನಲ್ಲಿದ್ದರೆ ಚುರುಕಾಗುತ್ತದೆ’ ಎನ್ನುತ್ತಾರೆ. ಹಾಸ್ಟೆಲಿನ ಸ್ವಚ್ಛತೆ, ಹೆಣ್ಣುಮಕ್ಕಳ ಭದ್ರತೆ, ಕಾಯಿಲೆ ಬಿದ್ದಾಗ ಮನೆಯವರು ಎಷ್ಟು ಹೊತ್ತಿನಲ್ಲಿ ತಲುಪಬಹುದು ಎಂಬುದನ್ನು ಕೇಳಲೇಬೇಕು. ಐದೂವರೆ ವರ್ಷ ಸಣ್ಣ ಅವಧಿಯಲ್ಲ, ಮನಸ್ಸು ಕುಗ್ಗಿದರೆ ಯಾವ ಕಾಲೇಜೂ ನಡೆಯದು. ಆದರೆ ಮಾಲ್ ಹತ್ತಿರವಿದೆ, ಕೊಠಡಿಗೆ ಎಸಿ ಇದೆ ಎಂಬುದಕ್ಕೆ ಹೊಲ ಮಾರುವುದು ಬೇಡ.

ಬಂಧುಗಳೇ, ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬವರಿದ್ದರು. ವೈದ್ಯವೇ ಅವರ ಕಾಯಕ, ಅದೇ ಅವರ ಹೆಸರಿಗೂ ಸೇರಿತು. ಕಾಯಕದಲ್ಲಿ ಮೇಲು ಕೀಳು ಇಲ್ಲ, ಆದರೆ ಅದು ಶುದ್ಧವಾಗಿರಬೇಕು, ಬಂದದ್ದು ದಾಸೋಹಕ್ಕೆ ಸಲ್ಲಬೇಕು ಎಂಬುದು ಶರಣರ ನಿಲುವು. ತಿಂಗಳಿಗೆ 78 ಸಾವಿರದ ಕಂತು ಹೊತ್ತ ಯುವ ವೈದ್ಯನ ಮುಂದೆ ಬಡ ರೋಗಿ ಕೂತಾಗ ಬೇಡದ ಸ್ಕ್ಯಾನ್ ಬರೆಯದಿರಲು ಎಷ್ಟು ಗಟ್ಟಿ ಮನಸ್ಸು ಬೇಕು, ಯೋಚಿಸಿ. ಸಾಲವನ್ನು ನಾವು ಮಗನ ಮೇಲೆ ಹೊರಿಸುತ್ತೇವೆ, ಅವನು ರೋಗಿಯ ಮೇಲೆ ಹೊರಿಸುತ್ತಾನೆ. ರೋಗಿಯ ಮೇಲೆ ಹೊರಿಸದವನು ಹೆಂಡತಿಯ ತವರಿನ ಮೇಲೆ ಹೊರಿಸುತ್ತಾನೆ. ‘ಹುಡುಗ ಡಾಕ್ಟರ್, ಇಷ್ಟು ಖರ್ಚಾಗಿದೆ’ ಎಂದು ಬೀಗರ ಮುಂದೆ ಪಟ್ಟಿ ಇಡುವುದನ್ನು ನಾವೆಲ್ಲ ಕಂಡಿದ್ದೇವೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಕ್ಕೂ ಮೊದಲೇ ಬಸವಣ್ಣನವರು ಹೆಣ್ಣಿಗೆ ಸಮಾನ ಸ್ಥಾನ ಕೊಟ್ಟಿದ್ದರು. ಆದರೂ ಮಗನಿಗೆ ಪಿ ಸೀಟು, ಮಗಳಿಗೆ ‘ಊರಾಗಿನ ಬಿಎಸ್ಸಿ ಸಾಕು’ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಕರ್ನಾಟಕ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಮಾತನ್ನು ಎತ್ತಿಹಿಡಿಯಿತು. ಕಾನೂನು ತನ್ನ ಕೆಲಸ ಮಾಡಲಿ, ಸಮಾಜ ತನ್ನ ಕೆಲಸ ಮಾಡಬೇಕು. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ಉಚಿತ ಪ್ರಸಾದ ನಿಲಯಗಳು ಇರದಿದ್ದರೆ ನಮ್ಮ ಹಿಂದಿನ ತಲೆಮಾರಿನ ಎಷ್ಟು ಜನ ಓದುತ್ತಿದ್ದರು? ಆದ್ದರಿಂದ ಪೂಜ್ಯರಲ್ಲಿ ಮೂರು ಬಿನ್ನಹ. ಸರ್ಕಾರಿ ಸೀಟು ಸಿಕ್ಕರೂ ಹಾಸ್ಟೆಲ್ ಮತ್ತು ಪುಸ್ತಕಕ್ಕೆ ಹಣವಿಲ್ಲದ ಮಕ್ಕಳಿಗಾಗಿ ಮಠದಲ್ಲಿ ಒಂದು ದಾಸೋಹ ನಿಧಿ ಆಗಲಿ. ನಮ್ಮ ಸಮಾಜದ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಪ್ರತಿ ವರ್ಷ ಕೆಲವು ಸೀಟುಗಳನ್ನಾದರೂ ಜಾತಿ ನೋಡದೆ ಬಡ ಮಕ್ಕಳಿಗೆ ಶುಲ್ಕವಿಲ್ಲದೆ ಕೊಡಲಿ. ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಸೇರಿದ ಕಾಲೇಜಿನ ಹೆಸರು ಕೂಗುವುದು ನಿಲ್ಲಲಿ, ಓದು ಮುಗಿಸಿ ತಾಲ್ಲೂಕು ಆಸ್ಪತ್ರೆಗೆ ಹೋದವರನ್ನು ಕರೆದು ಸನ್ಮಾನಿಸೋಣ.

ಮಕ್ಕಳೇ, ಕೊನೆಗೆ ನಿಮಗೊಂದು ಮಾತು. ಕೆಇಎ ಆಪ್ಷನ್ ಎಂಟ್ರಿ ಮಾಡುವಾಗ ಸೈಬರ್ ಸೆಂಟರಿನವರ ಕೈಗೆ ಬಿಡಬೇಡಿ. ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಮೇಲಿನ ಆಯ್ಕೆ ಸಿಕ್ಕರೆ ಕೆಳಗಿನವು ಹೋಗುತ್ತವೆ. ಕಟ್ಟಲಾಗದ ಸೀಟನ್ನು ಪಟ್ಟಿಗೆ ಸೇರಿಸಲೇಬೇಡಿ. ಈ ಸಲ ಸೀಟೇ ಬರದಿದ್ದರೆ ಇನ್ನೊಂದು ಪ್ರಯತ್ನ ಮಾಡಬಹುದು, ಬೇರೆ ಕಾಯಕವನ್ನೂ ಹಿಡಿಯಬಹುದು. ಅದರಿಂದ ಯಾರೂ ಸಣ್ಣವರಾಗುವುದಿಲ್ಲ. ತಂದೆ ತಾಯಂದಿರು ಇಂದು ರಾತ್ರಿ ಊಟ ಆದ ಮೇಲೆ ಒಂದು ಹಾಳೆ, ಒಂದು ಪೆನ್ನು ಹಿಡಿದು ಮಕ್ಕಳ ಜೊತೆ ಕೂತು ಈ ಲೆಕ್ಕ ಹಾಕಿ. ಮಗಳು ಇದ್ದರೆ ಅವಳನ್ನೂ ಕೂರಿಸಿಕೊಳ್ಳಿ.